ಸತ್ಯಕ್ಕೆ ಕೈಮುಗಿಯುವ ಊರಿನಲ್ಲಿ

ಕಳೆದ ವಾರ ಆರನೇ ತರಗತಿಯಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಕರಿಹಲಗೆಯ ಮೂಲೆಯಲ್ಲಿ ದಿನಕ್ಕೊಂದು ಒಳ್ಳೆಯ ಮಾತು ಬರೆಯುವ ಕ್ರಮ ನಮ್ಮಲ್ಲಿದೆ. ಅಂದು ಬರೆದದ್ದು ಸತ್ಯದ ಬಗ್ಗೆ. ಸುಳ್ಳು ಹೇಳುವುದು ಪಾಪ ಎಂದು ಎಂದಿನಂತೆ ಎರಡು ಮಾತು ಹೇಳಿ ಪಾಠಕ್ಕೆ ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಮಾಷ್ಟ್ರೇ, ಸುಳ್ಳು ಅಂತ ಗೊತ್ತಿಲ್ಲದೆ ಹೇಳಿದರೆ ಅದೂ ಪಾಪವಾ?"

ಮಕ್ಕಳು ನಕ್ಕರು. ನಾವೂ ನಕ್ಕು, "ನಾಳೆ ಹೇಳುತ್ತೇನೆ, ಕುಳಿತುಕೋ" ಎಂದೆವು. ಆದರೆ ಆ ನಾಳೆ ಬಂದರೂ ಉತ್ತರ ಹೇಳಲಾಗಲಿಲ್ಲ. ಏಕೆಂದರೆ ಆ ಪ್ರಶ್ನೆ ನಮ್ಮನ್ನು ಇಪ್ಪತ್ತೈದು ವರ್ಷ ಹಿಂದಕ್ಕೆ, ಒಂದು ಮನೆಯ ಜಗಲಿಗೆ ಕರೆದುಕೊಂಡು ಹೋಯಿತು. ಅಂದು ಆ ಜಗಲಿಯಲ್ಲಿ ನಾವೇ ಅಂಥದೊಂದು ಸುಳ್ಳು ಹೇಳಿದ್ದೆವು. ಅದನ್ನು ಇವತ್ತು ಹೇಳಿಕೊಳ್ಳಬೇಕು ಅನಿಸಿದೆ.

ನಮ್ಮದು ಬಾಯಾರು. ಮಂಜೇಶ್ವರ ತಾಲೂಕಿನ ಪೈವಳಿಕೆ ಪಂಚಾಯತಿನ ಒಂದು ಗುಡ್ಡೆ ಊರು. ಆಚೆ ಕನ್ಯಾನಕ್ಕೆ ದಾಟಿದರೆ ಕರ್ನಾಟಕ, ಈಚೆ ಉಪ್ಪಳಕ್ಕೆ ಇಳಿದರೆ ಸಮುದ್ರ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಬ್ಯಾರಿ, ಮರಾಠಿ, ಕೊಂಕಣಿ ಕೂಡ ಕಿವಿಗೆ ಬೀಳುತ್ತವೆ. ಗುಡ್ಡೆಯ ಹೊಟ್ಟೆಗೆ ಕೊರೆದ ಸುರಂಗದ ನೀರು ಕುಡಿದು ಬೆಳೆದವರು ನಾವು. ಇಂಥ ಊರಿನಲ್ಲಿ ಸತ್ಯ ಎಂಬ ಶಬ್ದಕ್ಕೆ ಪುಸ್ತಕದಲ್ಲಿರುವುದಕ್ಕಿಂತ ದೊಡ್ಡ ಅರ್ಥವಿದೆ. ತುಳುವಿನಲ್ಲಿ ದೈವಗಳನ್ನೇ 'ಸತ್ಯೊಲು' ಎಂದು ಕರೆಯುತ್ತಾರೆ. 'ಸತ್ಯಗಳು' ಎಂದು ಅದರ ಅರ್ಥ. ಗಡಿಜಗಳವಾಗಲಿ, ಅಣ್ಣತಮ್ಮಂದಿರ ಪಾಲಿನ ತಕರಾರಾಗಲಿ, ಕೋಲದ ದಿನ ದೈವದ ಎದುರು ನಿಂತು ಹೇಳಿಕೊಳ್ಳುವವರು ಇಂದಿಗೂ ಇದ್ದಾರೆ. ದೈವ ನುಡಿ ಕೊಡುತ್ತದೆ. ಅದು ನಮ್ಮವರ ಹಳೆಯ ನ್ಯಾಯಾಲಯ. ಅಂದರೆ ನಮ್ಮ ಹಿರಿಯರು ಸತ್ಯ, ನ್ಯಾಯ, ದೇವರು ಈ ಮೂರನ್ನೂ ಒಂದೇ ಅಂಗಳದಲ್ಲಿ ನಿಲ್ಲಿಸಿದ್ದರು. ಎಷ್ಟು ದೊಡ್ಡ ಮಾತು ಇದು! ಆದರೆ ಆ ಮಾತಿಗೆ ನಾವು ಎಷ್ಟು ನಡೆದುಕೊಂಡಿದ್ದೇವೆ?

ಗುಡ್ಡೆಗಳಾಚೆ ನಮ್ಮ ನೆರೆಯ ಎಣ್ಮಕಜೆ ಪಂಚಾಯತಿನಲ್ಲಿ ಪಡ್ರೆ ಎಂಬ ಗ್ರಾಮವಿದೆ. ಅಲ್ಲಿ ಒಂದು ಕಡೆಯ ಹೆಸರೇ ಸ್ವರ್ಗ. ನಮ್ಮ ಅಜ್ಜನ ಮನೆ ಆ ದಿಕ್ಕಿನಲ್ಲಿತ್ತು. ದೊಡ್ಡ ರಜೆಯಲ್ಲಲ್ಲದೆ ಬೇರೆ ರಜೆಗಳಲ್ಲೂ ಅಲ್ಲಿಗೆ ಓಡುತ್ತಿದ್ದೆವು. ಗೇರು ಹೂ ಬಿಡುವ ಕಾಲದಲ್ಲಿ ಹೆಲಿಕಾಪ್ಟರ್ ಬರುತ್ತಿತ್ತು. ಅದನ್ನು ನೋಡಲು ನಾವು ಮಕ್ಕಳೆಲ್ಲ ಗದ್ದೆಯ ಬದುವಿನ ಮೇಲೆ ಸಾಲಾಗಿ ನಿಲ್ಲುತ್ತಿದ್ದೆವು. ಗುಡ್ಡೆಯ ಮೇಲೆ ಬೆಳ್ಳಗೆ ಮಂಜಿನಂತೆ ಏನೋ ಇಳಿಯುತ್ತಿತ್ತು. ಒಂದು ಬಗೆಯ ಘಾಟು ವಾಸನೆ. ಬಾವಿ ಮುಚ್ಚಿಕೊಳ್ಳಿ ಎಂಬ ಮಾತು ಮೊದಲೇ ಬಂದಿರುತ್ತಿತ್ತು. ಅಜ್ಜಿ ಬಾವಿಗೆ ಮಡಲು ಹಾಸುತ್ತಿದ್ದರು. ಆದರೆ ಸುರಂಗಕ್ಕೆ ಏನು ಹಾಸುವುದು? ಹರಿಯುವ ತೋಡನ್ನು ಯಾವುದರಿಂದ ಮುಚ್ಚುವುದು? ಈ ಪ್ರಶ್ನೆ ಆಗ ನಮಗೆ ಹೊಳೆದಿರಲಿಲ್ಲ. ಕೈ ಬೀಸಿ, ಕೇಕೆ ಹಾಕಿ, ಅದು ಕಣ್ಮರೆಯಾಗುವವರೆಗೂ ನೋಡುತ್ತಿದ್ದೆವು.

1999ರಲ್ಲಿ, ಟಿ.ಸಿ.ಎಚ್. ಮುಗಿಸಿ ತಾತ್ಕಾಲಿಕ ಶಿಕ್ಷಕರಾಗಿದ್ದಾಗ, ಶಾಲೆಗೆ ಸೇರದ ಮಕ್ಕಳ ಪಟ್ಟಿ ಮಾಡಲು ಮನೆಮನೆಗೆ ಹೋಗುವ ಕೆಲಸ ಬಂತು. ಆ ಕಡೆಯ ಒಂದು ಮನೆಯ ಜಗಲಿಯಲ್ಲಿ ಏಳೆಂಟು ವರ್ಷದ ಹುಡುಗನೊಬ್ಬ ಚಾಪೆಯ ಮೇಲೆ ಮಲಗಿದ್ದ. ತಲೆ ದೊಡ್ಡದು, ಕೈಕಾಲು ಕಡ್ಡಿ. ಮಾತಿಲ್ಲ. ಕಣ್ಣು ಮಾತ್ರ ನಮ್ಮ ಹಿಂದೆಯೇ ತಿರುಗುತ್ತಿತ್ತು. ನಮಗೆ ಗಂಟಲು ಕಟ್ಟಿತು. 'ಶಾಲೆಗೆ ಬರಲು ಅಸಮರ್ಥ' ಎಂದು ಕಾಲಮಿನಲ್ಲಿ ಬರೆದೆವು. ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು, "ಏನು ಮಾಡುವುದಮ್ಮ, ಪೂರ್ವಜನ್ಮದ್ದು, ಹಣೆಬರಹ" ಎಂದೆವು.

ಆ ತಾಯಿ ಸಿಟ್ಟು ಮಾಡಲಿಲ್ಲ. ಮಗನ ಬಾಯಿ ಒರೆಸುತ್ತಾ ಕೇಳಿದರು: "ಪೂರ್ವಜನ್ಮದಲ್ಲಿ ತಪ್ಪು ಮಾಡಿದ್ದು ಇವನಾ, ನಾನಾ ಮಾಷ್ಟ್ರೇ?"

ನಾವು ಪುಸ್ತಕ ಮಡಚಿ ಎದ್ದು ಬಂದೆವು.

ನಾವೊಬ್ಬರೇ ಅಲ್ಲ, ಊರೇ ಹಾಗೆ ಹೇಳುತ್ತಿತ್ತು. ಪಡ್ರೆಯಲ್ಲಿ ಮನೆಮನೆಯಲ್ಲಿ ಇಂಥ ಮಕ್ಕಳು ಹುಟ್ಟುತ್ತಿರುವುದಕ್ಕೆ ಜಟಾಧಾರಿ ದೈವದ ಮುನಿಸೇ ಕಾರಣ ಎಂದು ತುಂಬಾ ಜನ ನಂಬಿದ್ದರು. ಯಾರೋ ಏನೋ ತಪ್ಪು ನಡೆದಿದ್ದಾರೆ, ಅದರ ಫಲ ಎಂದು. ಹರಕೆ, ತಂಬಿಲ, ಪ್ರಶ್ನೆ, ಪರಿಹಾರ ಎಲ್ಲ ನಡೆಯುತ್ತಿತ್ತು. ಇದನ್ನು ನಗೆಯಾಡಲು ಹೇಳುತ್ತಿಲ್ಲ. ನಾವೂ ದೈವಕ್ಕೆ ಕೈಮುಗಿಯುವವರೇ. ಕಷ್ಟದಲ್ಲಿದ್ದವನು ಕೈಮುಗಿಯುವುದು ತಪ್ಪಲ್ಲ. ಆದರೆ ಬೇರೆಯವರ ಕಷ್ಟಕ್ಕೆ ಕಾರಣ ಹುಡುಕದೆ, 'ದೈವದ ಮುನಿಸು' ಎಂದು ಮುಗಿಸಿಬಿಡುವುದು ಬೇರೆ. ಮೊದಲನೆಯದು ಭಕ್ತಿ. ಎರಡನೆಯದು ಸೋಮಾರಿತನ, ಅದಕ್ಕೆ ಭಕ್ತಿಯ ಅಂಗಿ ತೊಡಿಸಿರುತ್ತೇವೆ ಅಷ್ಟೆ.

ಸತ್ಯ ಹೊರಬಂದದ್ದು ಹೇಗೆ? ನಮ್ಮ ಮಕ್ಕಳಿಗೆ ಇದನ್ನು ಪಾಠದಂತೆ ಹೇಳಬೇಕು.

ಸರಕಾರಿ ಸ್ವಾಮ್ಯದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ ನಮ್ಮ ಜಿಲ್ಲೆಯಲ್ಲಿ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಹೆಚ್ಚು. ಗೇರಿನ ಚಿಗುರು, ಹೂಗಳ ರಸ ಹೀರುವ ಚಹಾ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಎಪ್ಪತ್ತರ ದಶಕದ ಕೊನೆಯಿಂದ 2000ದ ವರೆಗೆ ವರ್ಷಕ್ಕೆ ಎರಡು ಮೂರು ಬಾರಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ತೋಟ ಗುಡ್ಡೆಯ ಮೇಲೆ, ಮನೆಗಳು ಗುಡ್ಡೆಯ ಬುಡದಲ್ಲಿ. ಮಳೆ ಬಂದಾಗ ಮೇಲಿನದೆಲ್ಲ ಕೆಳಗೇ ಇಳಿಯಬೇಕು. ತೋಡಿಗೆ, ಸುರಂಗಕ್ಕೆ, ಬಾವಿಗೆ.

ಮೊದಲು ಕಂಡದ್ದು ದನದ ಹಟ್ಟಿಯಲ್ಲಿ. ಕಾಲು ಸೊಟ್ಟಗಿನ ಕರುಗಳು ಹುಟ್ಟಿದವು. ಪಡ್ರೆಯ ಕೃಷಿಕ, ಪತ್ರಕರ್ತ ಶ್ರೀಪಡ್ರೆಯವರು ಎಂಬತ್ತರ ದಶಕದ ಆರಂಭದಲ್ಲೇ ಇದನ್ನು ಬರೆದು ಪ್ರಶ್ನೆ ಎತ್ತಿದರು. ಕೇಳುವವರು ಇರಲಿಲ್ಲ. ವಾಣೀನಗರದಲ್ಲಿ ಸಣ್ಣ ಕ್ಲಿನಿಕ್ ಇಟ್ಟುಕೊಂಡಿದ್ದ ಡಾ. ವೈ.ಎಸ್. ಮೋಹನಕುಮಾರರಿಗೆ ಒಂದು ವಿಷಯ ವಿಚಿತ್ರವಾಗಿ ಕಂಡಿತು. ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್, ಹುಟ್ಟಿನ ಊನ ಇವೆಲ್ಲ ಕೊಡೆಂಕಿರಿ ತೋಡಿನ ಆಸುಪಾಸಿನ ಮನೆಗಳಲ್ಲೇ ಏಕೆ ಇಷ್ಟೊಂದು? ಅವರು ಬರೆದಿಟ್ಟುಕೊಂಡರು, ತೊಂಬತ್ತರ ದಶಕದಲ್ಲಿ ವೈದ್ಯರ ಗಮನಕ್ಕೆ ತಂದರು. ಆಗ ಅವರಿಗೂ ಕಾರಣ ಗೊತ್ತಿರಲಿಲ್ಲ. ಎಣಿಕೆ ಮಾತ್ರ ಕೈಯಲ್ಲಿತ್ತು. ದಕ್ಷಿಣದಲ್ಲಿ ಪೆರಿಯದ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ ತನ್ನ ಮನೆಯ ಸುತ್ತ ಆಗುತ್ತಿರುವುದನ್ನು ನೋಡಿ ಸುಮ್ಮನಿರಲಾರದೆ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. 1998ರಲ್ಲಿ ತಡೆಯಾಜ್ಞೆ ಸಿಕ್ಕಿತು. 2000ದ ಬಳಿಕ ಹೆಲಿಕಾಪ್ಟರ್ ಹಾರಲಿಲ್ಲ.

ಇಲ್ಲಿ ನಮ್ಮ ಶಾಲೆಗಳವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2001ರಲ್ಲಿ ಇಲ್ಲಿ ಅಧ್ಯಯನ ಮಾಡಿದರು. 2003ರಲ್ಲಿ ಪ್ರಕಟವಾದ ಅದರ ಒಂದು ಭಾಗದಲ್ಲಿ ಪಡ್ರೆಯ 117 ಹುಡುಗರನ್ನು ಸಿಂಪಡಣೆ ಇಲ್ಲದ ಇನ್ನೊಂದು ಊರಿನ 90 ಹುಡುಗರೊಂದಿಗೆ ಹೋಲಿಸಿದ್ದರು. ಆ ಇನ್ನೊಂದು ಊರು ಯಾವುದು ಗೊತ್ತೇ? ಇಲ್ಲೇ ನಮ್ಮ ಪಕ್ಕದ ಮೀಂಜ. ಅದೇ ಮಣ್ಣು, ಅದೇ ಊಟ, ಅದೇ ಬಡತನ. ವ್ಯತ್ಯಾಸ ಆಕಾಶದಿಂದ ಬಿದ್ದ ಮದ್ದು ಮಾತ್ರ. ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಅಂಶ ಸರಾಸರಿ ಐದು ಪಟ್ಟು ಹೆಚ್ಚಿತ್ತು. ಅವರ ದೇಹದ ಬೆಳವಣಿಗೆ ತಡವಾಗುತ್ತಿರುವುದೂ ಕಂಡಿತು. ನಾವು ಪುಸ್ತಕದಲ್ಲಿ 'ಹೋಲಿಸಿ ನೋಡು' ಎಂದು ಕಲಿಸುತ್ತೇವಲ್ಲ, ಅದನ್ನೇ ಅವರು ಮಾಡಿದ್ದು. ರಕ್ತ ಕೊಡಲು ಕೈ ಚಾಚಿದವರು ನಮ್ಮ ಮಕ್ಕಳು.

ಇನ್ನೊಂದನ್ನೂ ಹೇಳದಿದ್ದರೆ ಸತ್ಯದ ಬಗ್ಗೆ ಬರೆಯುವ ಹಕ್ಕು ನಮಗಿಲ್ಲ. ಈ ವಿಷಯದಲ್ಲಿ ಸಮಿತಿಗಳ ಮೇಲೆ ಸಮಿತಿಗಳು ಬಂದಿವೆ, ಒಂದು ಹೌದೆಂದರೆ ಇನ್ನೊಂದು ಅಲ್ಲವೆಂದಿದೆ. ಈ ಅಧ್ಯಯನವನ್ನೂ ಪ್ರಶ್ನಿಸಿದವರಿದ್ದಾರೆ. ಪ್ರತಿಯೊಂದು ಮಗುವಿನ ಪ್ರತಿಯೊಂದು ಕಾಯಿಲೆಗೂ ಇದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಯಾರಿಗೂ ಆಗುವುದಿಲ್ಲ. 'ಎಲ್ಲವೂ ದೈವದ ಮುನಿಸು' ಎಂಬುದನ್ನು ಬಿಟ್ಟು 'ಎಲ್ಲವೂ ಮದ್ದಿನಿಂದ' ಎಂದು ಕಣ್ಣು ಮುಚ್ಚಿ ಹೇಳಿದರೆ ಅದೂ ಅದೇ ಸೋಮಾರಿತನ. ಆದರೆ ಕುಡಿಯುವ ನೀರಿನ ಮೇಲೆ, ಜನ ವಾಸಿಸುವ ಮನೆಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ವಿಷ ಬಿದ್ದದ್ದು ನಿಜ. ಅದನ್ನು ಹಾಕಿದ್ದು ದೈವವಲ್ಲ, ಮನುಷ್ಯರು. ಇದರಲ್ಲಿ ಯಾವ ಸಮಿತಿಗೂ ಸಂಶಯವಿರಲಾರದು. ಹಾಗಿರುವಾಗ ಕೇಳಬೇಕಾದದ್ದು 'ಯಾರ ಪಾಪ' ಎಂದಲ್ಲ, 'ಯಾರ ಹೊಣೆ' ಎಂದು. ಈ ಎರಡು ಪ್ರಶ್ನೆಗಳ ನಡುವಿನ ವ್ಯತ್ಯಾಸ ತಿಳಿಯಲು ನಮಗೆ ಅರ್ಧ ಆಯುಷ್ಯ ಬೇಕಾಯಿತು.

'ಪಾಪ' ಎಂದಾಗ ನಾವು ತಾಯಿಯ ಕಡೆ ನೋಡುತ್ತೇವೆ. 'ಹೊಣೆ' ಎಂದಾಗ ಗುಡ್ಡೆಯ ಕಡೆ, ಕಚೇರಿಯ ಕಡೆ, ಕೊನೆಗೆ ಕನ್ನಡಿಯ ಕಡೆಯೂ ನೋಡಬೇಕಾಗುತ್ತದೆ. ಅದಕ್ಕೇ ನಮಗೆ ಮೊದಲನೆಯದು ಸುಲಭ.

ನ್ಯಾಯದ ಕಥೆ ಇನ್ನೂ ಉದ್ದ. ರಾಷ್ಟ್ರೀಯ ಮಾನವ ಹಕ್ಕು ಆಯೋಗ 2010ರ ಡಿಸೆಂಬರ್ 31ರಂದು ಪರಿಹಾರಕ್ಕೆ ಶಿಫಾರಸು ಮಾಡಿತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ನಿಷೇಧಿಸಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು. ಮೂರು ತಿಂಗಳು! 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಲೆಕ್ಕ ಕೇಳಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದವರು 8 ಮಂದಿ. ಆ ಎಂಟು ಮಂದಿ ಕೂಡ ಕೋರ್ಟು ಮೆಟ್ಟಿಲು ಹತ್ತಿದವರು. ನಮ್ಮ ಏಳನೇ ತರಗತಿಯ ಮಕ್ಕಳಿಗೆ ಈ ಲೆಕ್ಕ ಕೊಟ್ಟೆವು. ಸಾವಿರಕ್ಕೆ ಎರಡು ಎಂದು ಉತ್ತರ ಬಂತು. ಒಬ್ಬ ಹುಡುಗ ತಾನು ಲೆಕ್ಕ ತಪ್ಪಿರಬೇಕೆಂದು ಮೂರು ಸಲ ಅಳಿಸಿ ಬರೆದ. ಲೆಕ್ಕ ಸರಿಯಾಗಿತ್ತು. ಕೋರ್ಟಿನ ಕಟು ಮಾತಿನ ಬಳಿಕವೇ ಸರಕಾರ ಹೆಚ್ಚಿನವರಿಗೆ ಹಣ ತಲುಪಿಸಿತು. ಅಷ್ಟರಲ್ಲಿ ಎಷ್ಟು ಚಾಪೆಗಳು ಖಾಲಿಯಾಗಿದ್ದವೋ!

ಗಡಿಯಾಚೆಯವರು ಇದು ಕೇರಳದ ಕಥೆ ಎಂದುಕೊಳ್ಳಬೇಡಿ. ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಗೇರು ತೋಟಗಳಲ್ಲೂ ಇದೇ ನಡೆದಿತ್ತು. ಅಲ್ಲಿಯೂ ಇಂಥವೇ ಮಕ್ಕಳು, ಇಂಥವೇ ತಾಯಂದಿರು. 1956ರಲ್ಲಿ ಎಳೆದ ಗೆರೆ ಭಾಷೆಯನ್ನು ಎರಡು ಮಾಡಿತು, ದುಃಖವನ್ನು ಮಾಡಲಿಲ್ಲ.

ಇನ್ನು ನಮ್ಮ ದಿನನಿತ್ಯದ ಮಾತಿಗೆ ಬರೋಣ. ಕೋರ್ಟು ಕೊಡುವ ನ್ಯಾಯ ಒಂದಾದರೆ, ನೆರೆಕರೆ ಕೊಡಬೇಕಾದ ನ್ಯಾಯ ಇನ್ನೊಂದು. ಅದಕ್ಕೆ ವಕೀಲರು ಬೇಡ. ಆದರೆ ಅದೂ ಸಿಕ್ಕಿಲ್ಲ. ಇಂಥ ಮಗುವಿರುವ ಮನೆಯ ಹೆಣ್ಣಿಗೆ ಗಂಡು ಕೇಳುವಾಗ ಜನ ಎರಡು ಹೆಜ್ಜೆ ಹಿಂದೆ ಹೋಗುತ್ತಾರೆ. ಅದಕ್ಕೆ ಹೆದರಿ ಮನೆಯವರು ಮಗುವನ್ನು ಒಳಕೋಣೆಯಲ್ಲಿ ಇಡುತ್ತಾರೆ. ಜಾತ್ರೆಗೆ, ಮದುವೆಗೆ, ಉರೂಸಿಗೆ ಎಲ್ಲರೂ ಹೋದಾಗ ತಾಯಿ ಮಾತ್ರ ಮನೆಯಲ್ಲಿ. ವರ್ಷಗಟ್ಟಲೆ ಒಬ್ಬ ಹೆಂಗಸು ದೇವಸ್ಥಾನದ ಅಂಗಳ ಕಂಡಿಲ್ಲ ಎಂದರೆ ಆ ದೇವಸ್ಥಾನದಲ್ಲಿ ನಾವು ಮಾಡಿದ ಅನ್ನಸಂತರ್ಪಣೆಗೆ ಏನರ್ಥ? ಒಂದು ದಿನ, ಎರಡೇ ಗಂಟೆ, "ನೀವು ಹೋಗಿ ಬನ್ನಿ, ಇವನ ಹತ್ತಿರ ನಾವು ಕುಳಿತಿರುತ್ತೇವೆ" ಎಂದು ಹೇಳುವ ನೆರೆಮನೆಯವರಿದ್ದರೆ ಅದಕ್ಕಿಂತ ದೊಡ್ಡ ಸೇವೆ ಯಾವುದಿದೆ?

ಭಾಷೆಯದ್ದೂ ಒಂದು ಪಾಲಿದೆ. ತುಳು ಮಾತಾಡುವ, ಕನ್ನಡ ಓದಿದ ತಾಯಿಯ ಕೈಗೆ ಒಂದು ಕಚೇರಿಯಿಂದ ಮಲಯಾಳದ ಕಾಗದ ಬರುತ್ತದೆ. ಯಾವ ದಿನ ಯಾವ ಶಿಬಿರಕ್ಕೆ ಮಗುವನ್ನು ಕರೆತರಬೇಕು, ಯಾವ ಸರ್ಟಿಫಿಕೇಟು ಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಓದಿ ಹೇಳುವವರಿಲ್ಲದೆ ದಿನ ಕಳೆದುಹೋದರೆ ಪಟ್ಟಿಯಿಂದ ಹೆಸರೂ ಹೋಯಿತು. ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಂದಿಗೆ ಪತ್ರವ್ಯವಹಾರ ಮಾಡಬಹುದೆಂದು ಕೇರಳದ 1969ರ ಆಡಳಿತ ಭಾಷಾ ಕಾನೂನಿನಲ್ಲೇ ಇದೆ. ಕನ್ನಡದ ಹೋರಾಟ ಎಂದರೆ ಬರೇ ಬೋರ್ಡಿನ ಹೋರಾಟವಲ್ಲ. ಒಬ್ಬ ತಾಯಿಗೆ ತನ್ನ ಮಗುವಿನ ಬಗ್ಗೆ ಬಂದ ಕಾಗದ ತಾನೇ ಓದಲು ಸಿಗಬೇಕು, ಅಷ್ಟೆ. ಅಲ್ಲಿಯವರೆಗೆ ಕನ್ನಡ ಶಾಲೆಯ ಶಿಕ್ಷಕರು ಸಂಜೆ ಅರ್ಧ ಗಂಟೆ ಊರವರ ಕಾಗದ ಓದಿ ಹೇಳಲು ಕುಳಿತರೆ ಅದೂ ಪಾಠವೇ. ನಾವು ಕೆಲವು ವರ್ಷಗಳಿಂದ ಹಾಗೆ ಕುಳಿತುಕೊಳ್ಳುತ್ತಿದ್ದೇವೆ. ಪುಣ್ಯಕ್ಕಲ್ಲ, ಹಳೆಯ ಸಾಲಕ್ಕೆ.

ಆ ಸಾಲದ ವಿಷಯ ಹೇಳಿ ಮುಗಿಸುತ್ತೇವೆ. ಆ ಜಗಲಿಯ ಹುಡುಗ ಹದಿನಾಲ್ಕನೇ ವರ್ಷಕ್ಕೆ ತೀರಿಕೊಂಡ. ಎಂಡೋಸಲ್ಫಾನಿನ ಸುದ್ದಿ ಪತ್ರಿಕೆಗಳಲ್ಲಿ ಬರತೊಡಗಿದ ಮೇಲೆ ಅಲ್ಲಿಗೆ ಹೋಗಬೇಕು, ಅಂದು ಹೇಳಿದ್ದು ತಪ್ಪಾಯಿತು ಎನ್ನಬೇಕು ಎಂದು ಎಷ್ಟೋ ಬಾರಿ ಅಂದುಕೊಂಡಿದ್ದೆವು. ಮುಖವಿರಲಿಲ್ಲ. ಕೊನೆಗೆ ಹೋದಾಗ ಅವರು ಅಡಿಕೆ ಸುಲಿಯುತ್ತಾ ಕುಳಿತಿದ್ದರು. ಗುರುತು ಹೇಳಿ, "ಅಂದು ಪೂರ್ವಜನ್ಮದ ಮಾತು ಹೇಳಿದ್ದೆವು, ಅದು ಸುಳ್ಳು. ಕ್ಷಮಿಸಬೇಕು" ಎಂದೆವು. ಅವರು ಕತ್ತಿ ಕೆಳಗಿಟ್ಟು ಸ್ವಲ್ಪ ಹೊತ್ತು ನಮ್ಮ ಮುಖ ನೋಡಿದರು. "ಎಲ್ಲರೂ ಹಾಗೇ ಹೇಳಿದ್ದಾರೆ ಮಾಷ್ಟ್ರೇ. ಅದರಲ್ಲಿ ನೀವು ಹೇಳಿದ್ದು ಯಾವುದು ಅಂತ ನೆನಪಿಲ್ಲ" ಎಂದರು. ಮತ್ತೆ, "ಚಾ ಕುಡಿದು ಹೋಗಿ" ಎಂದರು.

ಬೈದಿದ್ದರೆ ಹಗುರಾಗುತ್ತಿತ್ತೇನೋ. ನಮ್ಮದೊಂದು ಮಾತು ಎಂದು ನಾವು ಅಂದುಕೊಂಡಿದ್ದೆವು. ಅವರ ಪಾಲಿಗೆ ಅದು ಇಡೀ ಊರಿನ ಮಾತಾಗಿತ್ತು. ಹುಡುಗ ಬದುಕಿದ್ದಷ್ಟು ದಿನವೂ ಬಂದವರೆಲ್ಲ ಒಂದೊಂದು ಕಲ್ಲು ಇಟ್ಟು ಹೋಗಿದ್ದರು. ಸಮಾಧಾನ ಎಂಬ ಹೆಸರಿನಲ್ಲಿ.

ಈಗ ಆ ಹುಡುಗಿಯ ಪ್ರಶ್ನೆಗೆ ಉತ್ತರ. ಗೊತ್ತಿಲ್ಲದೆ ಹೇಳಿದ ಸುಳ್ಳು ಪಾಪವೇ? ಗೊತ್ತಿಲ್ಲದಿರುವುದು ಪಾಪವಲ್ಲ. ಆದರೆ ಗೊತ್ತಿಲ್ಲ ಎಂದು ಹೇಳದಿರುವುದು ತಪ್ಪು. ತಿಳಿದುಕೊಳ್ಳುವ ಪ್ರಯತ್ನ ಮಾಡದಿರುವುದು ಇನ್ನೂ ದೊಡ್ಡ ತಪ್ಪು. ಅಂದು ನಾವು "ಯಾಕೆ ಹೀಗಾಯಿತೋ ನಮಗೆ ಗೊತ್ತಿಲ್ಲಮ್ಮ" ಎಂದು ಹೇಳಿ ಅವರ ಪಕ್ಕದಲ್ಲಿ ಐದು ನಿಮಿಷ ಕುಳಿತಿದ್ದರೆ ಸಾಕಿತ್ತು. ಅದೇ ಸತ್ಯವಾಗಿರುತ್ತಿತ್ತು. ಸತ್ಯವನ್ನೇ ದೈವವೆಂದು ಕರೆದ ಊರು ನಮ್ಮದು. ಹಾಗಾದರೆ ಕಣ್ಣಿಟ್ಟು ನೋಡುವುದು, ಎಣಿಸುವುದು, ಬರೆದಿಡುವುದು, ಹೋಲಿಸುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಇವೂ ಪೂಜೆಯೇ ಎಂದು ನಮ್ಮ ಅನಿಸಿಕೆ. ವಾಣೀನಗರದ ವೈದ್ಯರು ರೋಗಿಗಳ ಲೆಕ್ಕ ಬರೆದಿಟ್ಟಾಗ ಮಾಡಿದ್ದು ಅದನ್ನೇ. ಮನುಷ್ಯ ಮಾಡಿದ ತಪ್ಪನ್ನು ಜಟಾಧಾರಿಯ ತಲೆಗೆ ಕಟ್ಟಿದವರು ಆ ದೈವದ ಮೇಲೂ ಸುಳ್ಳು ಹೇಳಿದಂತೆ ಆಯಿತಲ್ಲವೇ?

ಸೋಮವಾರ ತರಗತಿಯಲ್ಲಿ ಇದನ್ನೇ, ಇಷ್ಟು ದೊಡ್ಡ ಮಾತುಗಳಿಲ್ಲದೆ, ಹೇಳಬೇಕೆಂದಿದ್ದೇವೆ. ಕರಿಹಲಗೆಯ ಮೂಲೆಯ ಒಳ್ಳೆಯ ಮಾತನ್ನು ಅಂದು ಮಕ್ಕಳೇ ಬರೆಯಲಿ. ನಿಮ್ಮ ಶಾಲೆಯ ಹತ್ತಿರವೂ ಒಳಕೋಣೆಯಲ್ಲಿ ಒಂದು ಮಗು ಇರಬಹುದು. ಅದರ ತಾಯಿಗೆ ನೀವು ಕೊನೆಯ ಬಾರಿ ಏನು ಹೇಳಿದಿರಿ, ನೆನಪಿದೆಯೇ?